ಬಿಸಿಲಿಗೆ ಸತ್ತವರ ಲೆಕ್ಕ: ಅಹಮದಾಬಾದ್, ಮೇ 2010

2010ರ ಮೇ ತಿಂಗಳಲ್ಲಿ ಅಹಮದಾಬಾದ್ ನಗರದ ಮರಣ ನೋಂದಣಿಗೆ 4,462 ಹೆಸರು ಸೇರಿದವು. ಅದರ ಹಿಂದಿನ ವರ್ಷದ ಮೇ, ಮರುವರ್ಷದ ಮೇ ಎರಡನ್ನೂ ಇಟ್ಟುಕೊಂಡು ಸರಾಸರಿ ತೆಗೆದರೆ ಬರುವುದು 3,118. ಅಂದರೆ ಆ ಒಂದೇ ತಿಂಗಳಲ್ಲಿ 1,344 ಜನ ಹೆಚ್ಚು ಸತ್ತಿದ್ದರು. ಶೇ 43ರಷ್ಟು ಹೆಚ್ಚು. ಭೂಕಂಪ ಆಗಿರಲಿಲ್ಲ, ಸಾಬರಮತಿ ಉಕ್ಕಿರಲಿಲ್ಲ, ಹೊಸ ರೋಗವೊಂದು ಊರಿಗೆ ಬಂದಿರಲಿಲ್ಲ. ಬಂದದ್ದು ಬಿಸಿಲು.

ಮೇ 21ರಂದು ಉಷ್ಣಾಂಶ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ದಿನಕ್ಕೆ ನೂರರ ಆಸುಪಾಸು ಸಾವು ದಾಖಲಾಗುವ ನಗರದಲ್ಲಿ ಆ ದಿನ 310 ಜನ ಸತ್ತರು. ಇಷ್ಟು ಹೆಣಗಳು ಒಂದೇ ದಿನ ಒಂದೇ ಕಡೆ ಬಿದ್ದಿದ್ದರೆ ದೇಶವೇ ಅಲ್ಲಿಗೆ ಓಡಿ ಬರುತ್ತಿತ್ತು. ಆದರೆ ಇವರು 55 ಲಕ್ಷ ಜನರ ಊರಿನಲ್ಲಿ ಮನೆ ಮನೆಯೊಳಗೆ, ಒಬ್ಬೊಬ್ಬರಾಗಿ ಹೋದರು. ಪ್ರತಿ ಮನೆಯವರಿಗೂ ತಮ್ಮ ಮನೆಯ ಸಾವೊಂದೇ ಕಂಡಿತು. ‘ಬಿಸಿಲು ಬಡಿದು ಸತ್ತವರು’ ಎಂದು ಆಸ್ಪತ್ರೆಯಲ್ಲಿ ಗುರುತಾದವರ ಸಂಖ್ಯೆ ಈ 1,344ರ ಹತ್ತಿರಕ್ಕೂ ಬರುವಂಥದ್ದಲ್ಲ.

ಈ ಪ್ರಕರಣವನ್ನು ಬರೆಯಲು ಹೊರಟಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಅಹಮದಾಬಾದ್ ಒಂದೇ ಅಲ್ಲ. ನಾನು ರಾಯಚೂರು ಜಿಲ್ಲೆಯವನು. ಬಿಸಿಲು ನಮಗೆ ಸುದ್ದಿಯಲ್ಲ. ಅದೇ ನಮ್ಮ ತೊಂದರೆಯೂ ಹೌದು. ‘ಇಲ್ಲಿ ಬ್ಯಾಸಗಿ ಅಂದ್ರ ಹಿಂಗ ಇರ್ತದ’ ಎಂದುಕೊಂಡು ಬೆಳೆದವರಿಗೆ ಬಿಸಿಲಿಗೂ ಸಾವಿಗೂ ನಡುವಿನ ನಂಟು ಕಣ್ಣಿಗೆ ಬೀಳುವುದು ತಡ.

ಸರ್ಟಿಫಿಕೇಟಿನಲ್ಲಿ ಬಿಸಿಲು ಯಾಕಿಲ್ಲ

ನನ್ನ ದೊಡ್ಡವ್ವ ಕೊನೆಯ ದಿನಗಳಲ್ಲಿ ಇದ್ದದ್ದು ತಗಡು ಹೊದಿಸಿದ ಒಂದು ಖೋಲಿಯಲ್ಲಿ. ಹಳೆಯ ಮಣ್ಣಿನ ಮಾಳಿಗೆ ಮನೆ ಸೋರುತ್ತದೆಂದು ಕೆಡವಿ ಕಟ್ಟಿದ ಖೋಲಿ ಅದು. ಮೇ ತಿಂಗಳ ರಾತ್ರಿ ಹತ್ತು ಗಂಟೆಗೆ ಗೋಡೆಗೆ ಅಂಗೈ ಇಟ್ಟರೆ ಈಗಷ್ಟೇ ಇಳಿಸಿದ ಹಂಚು ಮುಟ್ಟಿದ ಹಾಗೆ ಆಗುತ್ತಿತ್ತು. ಸ್ಟೀಲ್ ಲೋಟದ ನೀರು ಬೆಚ್ಚಗೆ, ದಿಂಬು ಬೆಚ್ಚಗೆ. ಫ್ಯಾನ್ ತಿರುಗಿದರೆ ಮೇಲಿನ ಕಾವನ್ನೇ ಕೆಳಗೆ ತಳ್ಳುತ್ತಿತ್ತು. ಬೀಪಿಗೆಂದು ಡಾಕ್ಟರು ಕೊಟ್ಟಿದ್ದ ಗುಳಿಗೆಗಳಲ್ಲಿ ಒಂದು ಮೂತ್ರ ಹೆಚ್ಚಿಸುವಂಥದ್ದು.

‘ದೊಡ್ಡವ್ವಾ, ನೀರು ಕುಡದಿಯಿಲ್ಲ?’ ಎಂದು ಕೇಳಿದರೆ, ‘ಮುಂಜಾನಿ ಕುಡದೀನೋ ತಮ್ಮಾ. ಮ್ಯಾಲಿಂದ ಮ್ಯಾಲ ಕುಡದ್ರ ಮ್ಯಾಲಿಂದ ಮ್ಯಾಲ ಹೊರಗ ಹೋಗಬೇಕಾಗ್ತದ’ ಅನ್ನುತ್ತಿದ್ದಳು. ಶೌಚಾಲಯ ಅಂಗಳದ ಆಚೆ ಇತ್ತು, ಮೊಣಕಾಲು ನೋವಿತ್ತು. ಒಂದು ರಾತ್ರಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಕಾಗದದಲ್ಲಿ ಹೃದಯಾಘಾತ ಎಂದು ಬರೆದರು. ಹೃದಯ ನಿಂತದ್ದು ನಿಜವೇ. ಅದು ಆ ವಾರವೇ ಯಾಕೆ ನಿಂತಿತು ಎಂದು ಬರೆಯಲು ಫಾರಂನಲ್ಲಿ ಜಾಗವಿರಲಿಲ್ಲ.

ಮೈ ತನ್ನ ಕಾವನ್ನು ಹೊರಹಾಕುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ರಕ್ತವನ್ನು ಚರ್ಮದ ಕಡೆಗೆ ಹರಿಸುತ್ತದೆ, ಬೆವರನ್ನು ಹೊರಬಿಟ್ಟು ಅದನ್ನು ಆವಿಯಾಗಿಸುತ್ತದೆ. ಸುತ್ತಲ ಗಾಳಿಯೇ ಮೈಗಿಂತ ಬಿಸಿಯಾದಾಗ ಉಳಿಯುವುದು ಬೆವರೊಂದೇ. ರಕ್ತ ಚರ್ಮದ ಕಡೆ ಹರಿದಷ್ಟೂ ಒಳಗಿನ ಅಂಗಗಳಿಗೆ ಕಡಿಮೆಯಾಗುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಅದನ್ನು ಸರಿದೂಗಿಸಲು ಹೃದಯ ವೇಗವಾಗಿ ಬಡಿದುಕೊಳ್ಳಬೇಕಾಗುತ್ತದೆ. ಬೆವರಿನಲ್ಲಿ ನೀರು ಹೋದಂತೆ ರಕ್ತ ಮಂದವಾಗುತ್ತದೆ, ಮೂತ್ರಪಿಂಡಗಳು ಸೊರಗುತ್ತವೆ. ಗಟ್ಟಿ ಹೃದಯದ ಇಪ್ಪತ್ತೈದರ ಹುಡುಗ ಇದನ್ನು ಕೆಲವು ದಿನ ತಾಳಿಕೊಂಡಾನು. ಎಪ್ಪತ್ತು ದಾಟಿದವರಿಗೆ ಬೆವರುವ ಶಕ್ತಿಯೂ ಕಡಿಮೆ, ಬಾಯಾರಿಕೆ ಆಗುವುದೂ ಕಡಿಮೆ. ಸಕ್ಕರೆ ಕಾಯಿಲೆ, ಬೀಪಿ, ಮೂತ್ರಪಿಂಡದ ತೊಂದರೆ ಮೊದಲೇ ಇದ್ದರೆ ಬಿಸಿಲು ಅವುಗಳ ಮೇಲೆಯೇ ಭಾರ ಹಾಕುತ್ತದೆ. ಕೊನೆಗೆ ಕುಸಿಯುವುದು ಹೃದಯ, ಮೂತ್ರಪಿಂಡ ಅಥವಾ ಮಿದುಳು, ಮತ್ತು ವೈದ್ಯರು ಬರೆಯುವುದೂ ಆ ಅಂಗದ ಹೆಸರನ್ನೇ.

ವೈದ್ಯಕೀಯದಲ್ಲಿ ಉಷ್ಣಾಘಾತ ಎನ್ನುವುದು ಇದರ ಒಂದು ತುದಿ ಮಾತ್ರ. ಮೈಯೊಳಗಿನ ಕಾವು 40 ಡಿಗ್ರಿ ದಾಟಿ ಪ್ರಜ್ಞೆ ತಪ್ಪುವುದು ಅಥವಾ ಏನೇನೋ ಬಡಬಡಿಸುವುದು ಅದರ ಲಕ್ಷಣ. ಇಲ್ಲಿ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಇದು ಗೊತ್ತಿಲ್ಲದೆ ಜೀವ ಹೋಗುತ್ತದೆ. ಇದು ಜ್ವರವಲ್ಲ. ಜ್ವರದಲ್ಲಿ ಮೈಯೇ ತನ್ನ ಕಾವಿನ ಮಟ್ಟವನ್ನು ಏರಿಸಿಕೊಂಡಿರುತ್ತದೆ, ಪ್ಯಾರಾಸಿಟಮಾಲ್ ಆ ಮಟ್ಟವನ್ನು ಇಳಿಸುತ್ತದೆ. ಉಷ್ಣಾಘಾತದಲ್ಲಿ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ. ಮಾಡಬೇಕಾದದ್ದು ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈತುಂಬ ತಣ್ಣೀರು ಸುರಿದು ಗಾಳಿ ಬೀಸುವುದು, ಕಂಕುಳು, ಕತ್ತು, ತೊಡೆಸಂದಿಗೆ ಮಂಜುಗಡ್ಡೆ ಇಡುವುದು, 108ಕ್ಕೆ ಕರೆ ಮಾಡುವುದು. ಆಂಬುಲೆನ್ಸ್ ಬರುವ ತನಕ ತಂಪು ಮಾಡುತ್ತಲೇ ಇರಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಎಣಿಸಿದ್ದು ಹೇಗೆ

ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಸಂಶೋಧಕರು, ಅದರ ನಿರ್ದೇಶಕರಾಗಿದ್ದ ದಿಲೀಪ್ ಮಾವಲಂಕರ್, ಅಹಮದಾಬಾದ್ ಮಹಾನಗರ ಪಾಲಿಕೆ, ಜೊತೆಗೆ ಅಮೆರಿಕದ ಪರಿಸರ ಸಂಘಟನೆಯಾದ ಎನ್‌ಆರ್‌ಡಿಸಿ ಮತ್ತು ಕೆಲವು ವಿಶ್ವವಿದ್ಯಾಲಯಗಳವರು ಸೇರಿ ಮಾಡಿದ ಕೆಲಸ ಕೇಳಲು ತೀರಾ ಸರಳ. ಬಿಸಿಲಿಗೆ ಸತ್ತವರು ಯಾರು ಎಂದು ಹುಡುಕುವುದನ್ನು ಅವರು ಕೈಬಿಟ್ಟರು. ಕಾರಣ ಏನೇ ಇರಲಿ, ಪಾಲಿಕೆಯ ದಾಖಲೆಯಲ್ಲಿ ದಿನಕ್ಕೆ ಎಷ್ಟು ಸಾವು ಬರೆದಿದೆ ಎಂದು ಮಾತ್ರ ನೋಡಿದರು. ಅದರ ಪಕ್ಕದಲ್ಲಿ ಆಯಾ ದಿನದ ಗರಿಷ್ಠ ಉಷ್ಣಾಂಶವನ್ನು ಇಟ್ಟರು. ಬೇರೆ ವರ್ಷಗಳ ಅದೇ ದಿನಗಳ ಜೊತೆ ಹೋಲಿಸಿದರು.

ಮರಣದ ಕಾರಣದ ಕಾಲಂ ಎಷ್ಟೇ ತಪ್ಪಾಗಿ ತುಂಬಿದ್ದರೂ ದಿನಾಂಕದ ಕಾಲಂ ತಪ್ಪುವುದು ಅಪರೂಪ. ಆ ಒಂದು ಕಾಲಂ ಸಾಕಾಯಿತು. ಹೃದಯಾಘಾತ, ಪಾರ್ಶ್ವವಾಯು, ‘ವಯೋಸಹಜ’ ಎಂದೆಲ್ಲ ಬರೆದಿದ್ದ ಸಾವುಗಳು ಮೇ 21ರ ಆಸುಪಾಸಿನಲ್ಲಿ ಗೋಪುರದಂತೆ ಎದ್ದು ನಿಂತದ್ದು ಕಂಡಿತು. 2014ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಈ ಪ್ರಕರಣದ ತಿರುಳು ಇಲ್ಲಿದೆ ಎಂದು ನನ್ನ ನಂಬಿಕೆ. ಮುಂದೆ ಅಹಮದಾಬಾದ್ ಮಾಡಿದ್ದೆಲ್ಲ ಈ ಎಣಿಕೆಯ ಬಲದ ಮೇಲೆ ನಿಂತದ್ದು. ‘ಬೇಸಿಗೆಯಲ್ಲಿ ಬಿಸಿಲು ಇದ್ದೇ ಇರುತ್ತದೆ’ ಎನ್ನುವ ಅಧಿಕಾರಿಯ ಮುಂದೆ 1,344 ಎಂಬ ಸಂಖ್ಯೆ ಇಟ್ಟಾಗ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಇದಕ್ಕೆ ಮೊದಲೇ ನಮ್ಮ ದೇಶದಲ್ಲಿ ಬಿಸಿಗಾಳಿ ಪಾಠ ಕಲಿಸಿರಲಿಲ್ಲ ಎಂದಲ್ಲ. 1998ರಲ್ಲಿ ಒಡಿಶಾದಲ್ಲಿ ಸರ್ಕಾರಿ ಲೆಕ್ಕದಲ್ಲೇ 2,042 ಜನ ಸತ್ತಿದ್ದರು, ಆ ರಾಜ್ಯ ಅಂದಿನಿಂದಲೇ ಎಚ್ಚೆತ್ತುಕೊಂಡಿತು. ಆದರೆ ಒಂದು ನಗರ ತನ್ನದೇ ದಾಖಲೆ ತೆಗೆದು, ಯಾವ ಡಿಗ್ರಿಯಲ್ಲಿ ಜನ ಸಾಯಲು ಶುರುವಾಗುತ್ತದೆ ಎಂದು ನೋಡಿ, ಅದಕ್ಕೆ ಹೊಂದಿಸಿ ಯೋಜನೆ ಕಟ್ಟಿದ್ದು ದಕ್ಷಿಣ ಏಷ್ಯಾದಲ್ಲೇ ಅಹಮದಾಬಾದ್ ಮೊದಲು.

ಮೇಲಿನ ಮಹಡಿಯ ಕೂಸುಗಳು

ಇಡೀ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಆಸ್ಪತ್ರೆಯ ಸಣ್ಣ ಕಥೆ. ನಗರದ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ಹೆರಿಗೆ ವಾರ್ಡು ಮೇಲಿನ ಮಹಡಿಯಲ್ಲಿತ್ತು. ಎಸಿ ಇರಲಿಲ್ಲ. 2010ರ ಏಪ್ರಿಲ್, ಮೇ, ಜೂನ್ ತಿಂಗಳಲ್ಲಿ ಬಿಸಿಲ ಕಾವಿನಿಂದಲೇ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾದ ಕೂಸುಗಳು 24. ಹಿಂದಿನ ವರ್ಷ ಅದೇ ಮೂರು ತಿಂಗಳಲ್ಲಿ 8. ಮರುವರ್ಷ 4. ಗರಿಷ್ಠ ಉಷ್ಣಾಂಶ 42 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿ ಏರಿದಂತೆ ಹೀಗೆ ಸೇರುವ ಮಕ್ಕಳ ಪ್ರಮಾಣ ಶೇ 43ರಷ್ಟು ಏರುತ್ತಿತ್ತು.

ಎರಡು ದಿನದ ಕೂಸಿಗೆ ಬೆವರುವುದು ಇನ್ನೂ ಸರಿಯಾಗಿ ಬರುವುದಿಲ್ಲ. ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡದು, ಆದ್ದರಿಂದ ಸುತ್ತಲ ಕಾವನ್ನು ಬೇಗ ಹೀರಿಕೊಳ್ಳುತ್ತದೆ. ಅದರ ಮೇಲೆ ನಾವು ಬಟ್ಟೆ ಸುತ್ತುತ್ತೇವೆ. ತಾಯಿಗೆ ನೀರು ತೀರಾ ಸಾಲದಿದ್ದರೆ ಹಾಲೂ ಕಡಿಮೆಯಾಗಬಹುದು. ಮೂರನೇ ದಿನ ಕೂಸಿನ ಮೈ ಸುಡುತ್ತದೆ, ಹಾಲು ಎಳೆಯುವುದನ್ನು ಬಿಡುತ್ತದೆ. ಸೋಂಕು ಇರಬಹುದೆಂದು ಚಿಕಿತ್ಸೆ ಶುರುವಾಗುತ್ತದೆ. ಸೋಂಕನ್ನು ತಳ್ಳಿಹಾಕಲಾಗದು, ಪರೀಕ್ಷೆ ಆಗಲೇಬೇಕು. ಆದರೆ ತಲೆಯ ಮೇಲಿನ ಕಾದ ಛಾವಣಿಯ ಕಡೆ ಯಾರೂ ಕತ್ತೆತ್ತಿ ನೋಡಿರುವುದಿಲ್ಲ.

ಆ ಆಸ್ಪತ್ರೆಯವರು ನೋಡಿದರು. ವಾರ್ಡನ್ನು ಕೆಳಗಿನ ಮಹಡಿಗೆ ಇಳಿಸಿದರು. ಉಷ್ಣಾಂಶದ ಏರಿಳಿತವನ್ನು ಲೆಕ್ಕದಿಂದ ಬೇರ್ಪಡಿಸಿ ನೋಡಿದರೂ ಆ ಸ್ಥಳಾಂತರವೊಂದೇ ಮಕ್ಕಳನ್ನು ಕಾಪಾಡಿದ್ದು ಅಂಕಿಯಲ್ಲಿ ಸ್ಪಷ್ಟವಾಗಿ ಕಂಡಿತು. ಹೊಸ ಕಟ್ಟಡ ಬೇಕಾಗಲಿಲ್ಲ, ಹೊಸ ಯಂತ್ರ ಬೇಕಾಗಲಿಲ್ಲ. ಮಂಚ, ತೊಟ್ಟಿಲು ಕೆಳಗಿಳಿದವು.

ನಮ್ಮ ಕಡೆಯ ಬಾಣಂತಿ ಕೋಣೆ ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂತು. ಕಿಟಕಿ ಮುಚ್ಚಿ, ತಲೆಗೆ ಬಟ್ಟೆ ಕಟ್ಟಿ, ಮಂಚದ ಕೆಳಗೆ ಕೆಂಡ ಇಟ್ಟು, ‘ನೀರು ಜಾಸ್ತಿ ಕುಡೀಬ್ಯಾಡ, ಕೂಸಿಗೆ ಥಂಡಿ ಆಗ್ತದ’ ಎನ್ನುವ ಮನೆಗಳು ಇನ್ನೂ ಇವೆ. ಚಳಿಗಾಲದ ಬಾಣಂತನಕ್ಕೆ ಒಪ್ಪುತ್ತಿದ್ದ ಪದ್ಧತಿಯನ್ನು 43 ಡಿಗ್ರಿಯ ಮೇ ತಿಂಗಳಿಗೂ ಹಾಗೇ ತಂದುಕೊಂಡಿದ್ದೇವೆ. ಹಿರಿಯರನ್ನು ಬೈದು ಇದು ಬಿಡುವುದಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಹೋದಾಗ ಅಜ್ಜಿಯ ಕೈಯನ್ನೇ ಕೂಸಿನ ಎದೆಗೆ ಮುಟ್ಟಿಸಿ, ‘ನೋಡ್ರಿ ಅಜ್ಜಿ, ಎಷ್ಟು ಸುಡಾಕತ್ತೈತಿ’ ಅಂದರೆ ಕೆಂಡದ ಬುಟ್ಟಿ ಹೊರಗೆ ಹೋಗುವುದನ್ನು ನಾನು ಕಂಡಿದ್ದೇನೆ.

2013ರ ಯೋಜನೆ

2013ರಲ್ಲಿ ಅಹಮದಾಬಾದ್ ಪಾಲಿಕೆ ತನ್ನ ಶಾಖ ನಿರ್ವಹಣಾ ಯೋಜನೆಯನ್ನು ಜಾರಿಗೆ ತಂದಿತು. ಅದರ ಬೆನ್ನೆಲುಬು ಮುನ್ಸೂಚನೆ. ಮೊದಮೊದಲು ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರ ನೆರವಿನಿಂದ ಏಳು ದಿನ ಮುಂಚಿತವಾಗಿ, ನಂತರದ ವರ್ಷಗಳಲ್ಲಿ ಭಾರತೀಯ ಹವಾಮಾನ ಇಲಾಖೆಯಿಂದಲೇ ಅದು ಬರತೊಡಗಿತು. 41.1 ಡಿಗ್ರಿಯಿಂದ ಹಳದಿ ಎಚ್ಚರಿಕೆ, 43.1ರಿಂದ ಕಿತ್ತಳೆ, 45 ಮುಟ್ಟಿದರೆ ಕೆಂಪು. ಈ ಗೆರೆಗಳನ್ನು ಎಳೆದದ್ದು ಆ ಊರಿನ ಸಾವಿನ ಲೆಕ್ಕ ನೋಡಿ. ಇನ್ನೊಂದು ಊರು ಇದೇ ಗೆರೆಗಳನ್ನು ನಕಲು ಮಾಡಿಕೊಂಡರೆ ಎಡವುತ್ತದೆ. ಸಮುದ್ರದಂಚಿನ ಮಂಗಳೂರಿನಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ, ಅಲ್ಲಿ 37 ಡಿಗ್ರಿಯೇ ಕಾಡುತ್ತದೆ. ಹವಾಮಾನ ಇಲಾಖೆ ಬಿಸಿಗಾಳಿ ಎಂದು ಕರೆಯಲು ಬಯಲು ಸೀಮೆಗೆ 40, ಕರಾವಳಿಗೆ 37, ಗುಡ್ಡಗಾಡಿಗೆ 30 ಎಂದು ಬೇರೆ ಬೇರೆ ಕನಿಷ್ಠ ಮಟ್ಟ ಇಟ್ಟುಕೊಂಡಿರುವುದೂ ಇಂಥ ಕಾರಣಕ್ಕೇ.

ಎಚ್ಚರಿಕೆ ಬಂದ ಕೂಡಲೇ ಯಾರು ಯಾರಿಗೆ ಫೋನ್ ಮಾಡಬೇಕು ಎಂದು ಮೊದಲೇ ಬರೆದಿಟ್ಟದ್ದು ಯೋಜನೆಯ ಜಾಣತನ. ಪಾಲಿಕೆಯಲ್ಲಿ ಒಬ್ಬ ಹೊಣೆಗಾರ ಅಧಿಕಾರಿ. ಅವರಿಂದ ಆಸ್ಪತ್ರೆಗಳಿಗೆ, 108ರವರಿಗೆ, ಕಾರ್ಮಿಕ ಇಲಾಖೆಗೆ, ಪತ್ರಿಕೆ ಮತ್ತು ರೇಡಿಯೋಗೆ ಸುದ್ದಿ. ಮೊಬೈಲಿಗೆ ಸಂದೇಶ. ವೈದ್ಯರಿಗೆ ಮತ್ತು ಸಮುದಾಯ ಆರೋಗ್ಯ ಕಾರ್ಯಕರ್ತೆಯರಿಗೆ ಬೇಸಿಗೆಗೆ ಮುಂಚೆಯೇ ತರಬೇತಿ. ಜನ ಸೇರುವ ಕಡೆ ಕುಡಿಯುವ ನೀರು. ಅರವಟ್ಟಿಗೆ ಇಡುವುದು ನಮಗೆ ಹಳೆಯ ಪುಣ್ಯದ ಕೆಲಸ. ಇಲ್ಲಿ ಅದು ನಗರಾಡಳಿತದ ಕರ್ತವ್ಯವಾಯಿತು. ಮಧ್ಯಾಹ್ನ ಬಾಗಿಲು ಹಾಕುತ್ತಿದ್ದ ಉದ್ಯಾನಗಳನ್ನು ತೆರೆದಿಡಲು ಹೇಳಿದರು. ಮನೆಯಿಲ್ಲದವನಿಗೆ ಊರಿನ ಮರದ ನೆರಳು ಬೇಕಾಗುವುದೇ ಮಧ್ಯಾಹ್ನ, ಅದೇ ಹೊತ್ತಿಗೆ ಅದಕ್ಕೆ ಬೀಗ ಹಾಕಿರುತ್ತಿದ್ದರು.

ಫಲ ಸಿಕ್ಕಿತೇ? 2007–2010ರ ಸಾವುಗಳನ್ನು 2014–15ರ ಸಾವುಗಳೊಂದಿಗೆ ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ವರ್ಷಕ್ಕೆ ಸರಾಸರಿ 1,190 ಸಾವು ತಪ್ಪಿವೆ ಎಂದು ಅಂದಾಜಿಸಿತು. ಅದರ ಮೇಲಿನ ಮತ್ತು ಕೆಳಗಿನ ಮಿತಿಗಳನ್ನೂ ಹೇಳಬೇಕು: 162ರಿಂದ 2,218. ಬಹಳ ಅಗಲದ ಅಂದಾಜು. ಎಲ್ಲವೂ ಯೋಜನೆಯ ಫಲವೇ, ಆ ವರ್ಷಗಳ ಬಿಸಿಲಿನ ಬಗೆಯೇ ಬೇರೆ ಇತ್ತೇ ಎಂದು ಪೂರ್ತಿ ಬಿಡಿಸಿ ಹೇಳುವುದು ಕಷ್ಟ. ನಾನು ಈ ಸಂಖ್ಯೆಯನ್ನು ಹಿಡಿದು ಕುಣಿಯುವುದಿಲ್ಲ. ಆದರೆ ತೀರಾ ಕೆಳಗಿನ ಮಿತಿಯನ್ನೇ ಹಿಡಿದರೂ ಅದು ವರ್ಷಕ್ಕೆ 162 ಮನೆ.

2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ದಾಖಲಾಯಿತು. ನೂರು ವರ್ಷದ ಹಿಂದೆ, 1916ರಲ್ಲಿ, ದಾಖಲಾಗಿದ್ದ 47.8ನ್ನು ಅದು ಮೀರಿತು. ಅದರ ಹಿಂದಿನ ದಿನವೇ ರಾಜಸ್ಥಾನದ ಫಲೋದಿಯಲ್ಲಿ 51 ಡಿಗ್ರಿ. 2022ರ ಮಾರ್ಚ್, 1901ರಿಂದೀಚೆಗೆ ದೇಶ ಕಂಡ ಅತಿ ಬಿಸಿ ಮಾರ್ಚ್ ಆಯಿತು. ಆ ವರ್ಷ ಭಾರತ ಮತ್ತು ಪಾಕಿಸ್ತಾನದ ಬಿಸಿಗಾಳಿಯನ್ನು ಪರಿಶೀಲಿಸಿದ ವಿಜ್ಞಾನಿಗಳ ತಂಡ, ಹವಾಮಾನ ಬದಲಾವಣೆಯಿಂದ ಅಂಥ ಬಿಸಿಗಾಳಿಯ ಸಂಭವ ಸುಮಾರು 30 ಪಟ್ಟು ಹೆಚ್ಚಿದೆ ಎಂದಿತು. ‘ಬ್ಯಾಸಗಿ ಅಂದ್ರ ಹಿಂಗ ಇರ್ತದ’ ಎಂಬ ನಮ್ಮೂರ ಮಾತು ನನ್ನ ಅಜ್ಜನ ಕಾಲಕ್ಕೆ ಸರಿ ಇತ್ತು.

ಯೋಜನೆ ಮುಟ್ಟದ ಜಾಗ

ಎಚ್ಚರಿಕೆಯ ಸಂದೇಶ ಬಂದಾಗ ಕೆಲಸ ಬಿಟ್ಟು ನೆರಳಿಗೆ ಹೋಗಲು ಆಗುವವರು ಯಾರು? ಗಾರೆ ಕೆಲಸದ ಹೆಣ್ಣುಮಗಳಿಗೆ ಮಧ್ಯಾಹ್ನದ ನಾಲ್ಕು ಗಂಟೆ ಕೆಲಸ ಬಿಟ್ಟರೆ ಅರ್ಧ ಕೂಲಿ ಹೋಯಿತು. ತಳ್ಳುಗಾಡಿಯವಳ ಸೊಪ್ಪು ಬಾಡುತ್ತದೆ, ಬಾಡಿದ ಸೊಪ್ಪು ಮಾರಾಟವಾಗದು. ‘ಹೊರಗೆ ಬರಬೇಡಿ’ ಎಂಬ ಸಲಹೆ ಸಂಬಳದವರಿಗೆ ಹೊಂದುತ್ತದೆ. ಹೊರಗೆ ಬರದೆ ಮನೆಯೊಳಗೇ ಇದ್ದರೂ ಕೆಲವರಿಗೆ ಬಿಡುಗಡೆಯಿಲ್ಲ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಕಾವು ಬಿಡುತ್ತದೆ, ಮೈಗೆ ಚೇತರಿಸಿಕೊಳ್ಳಲು ಬೇಕಾದ ತಂಪು ಗಂಟೆಗಳೇ ಸಿಗುವುದಿಲ್ಲ. ದೊಡ್ಡವ್ವನ ಖೋಲಿಯಲ್ಲಿ ನಾನು ಕಂಡದ್ದು ಅದನ್ನೇ. ಹಗಲಿನ ಗರಿಷ್ಠ ಉಷ್ಣಾಂಶದ ಮೇಲೆ ನಿಂತ ಬಣ್ಣದ ಎಚ್ಚರಿಕೆಗೆ ರಾತ್ರಿಯ ಈ ಧಗೆ ಕಾಣುವುದಿಲ್ಲ.

ಅಹಮದಾಬಾದ್ ಇದನ್ನು ತಕ್ಕಮಟ್ಟಿಗೆ ಗ್ರಹಿಸಿತು. 2017ರಲ್ಲಿ ಬಡವರ ಸುಮಾರು 3,000 ಮನೆಗಳ ಛಾವಣಿಗೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣ ಬಳಿಸಿತು. ಒಳಗಿನ ಕಾವು ಎರಡರಿಂದ ಐದು ಡಿಗ್ರಿವರೆಗೆ ಇಳಿಯಬಲ್ಲದು. ಮಾಳಿಗೆಗೆ ಸುಣ್ಣ ಬಳಿಯುವುದು ಗೊತ್ತಿದ್ದ ನಮಗೆ ಇದು ಹೊಸದಲ್ಲ. ತಗಡು ಬಂದ ಮೇಲೆ ಮರೆತೆವು. ಕೂಲಿಯ ಪ್ರಶ್ನೆಗೆ ಗುಜರಾತಿನ ಸ್ವಉದ್ಯೋಗಿ ಮಹಿಳೆಯರ ಸಂಘಟನೆ ‘ಸೇವಾ’ 2023ರಲ್ಲಿ ಇನ್ನೊಂದು ದಾರಿ ಹಿಡಿಯಿತು. 21,000 ಮಹಿಳೆಯರಿಗೆ ಬಿಸಿಲ ವಿಮೆ ಮಾಡಿಸಿತು. ಉಷ್ಣಾಂಶ ಗೊತ್ತುಪಡಿಸಿದ ಮಟ್ಟವನ್ನು ಗೊತ್ತುಪಡಿಸಿದಷ್ಟು ದಿನ ದಾಟಿದರೆ ಯಾರೂ ಅರ್ಜಿ ಹಾಕದೆ ಹಣ ಖಾತೆಗೆ ಬರುವ ಬಗೆ ಅದು. ಮೊತ್ತ ದೊಡ್ಡದಲ್ಲ. ಆದರೆ ಆ ದಿನ ಉಪ್ಪಿನ ಗದ್ದೆಗೆ ಹೋಗದೆ ಉಳಿದವಳ ಒಲೆ ಉರಿಯಲು ಬೇಕಾದದ್ದೂ ಬಹಳ ದೊಡ್ಡದಲ್ಲ.

ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರ ಮತ್ತು ಬಾಗಲಕೋಟೆಯಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಉದ್ಯೋಗ ಖಾತ್ರಿಯಲ್ಲಿ ಬೇಸಿಗೆಗೆ ಕೆಲಸದ ಅಳತೆಯಲ್ಲಿ ರಿಯಾಯಿತಿ ಕೊಡುವ ರೂಢಿಯೂ ಇದೆ. ಸಮಯ ಬದಲಿಸಿದರೆ ಜೀವ ಉಳಿಯುತ್ತದೆ ಎಂಬುದನ್ನು ಸರ್ಕಾರ ಒಪ್ಪಿಕೊಂಡು ಎಷ್ಟೋ ವರ್ಷವಾಗಿದೆ ಎಂದೇ ಇದರ ಅರ್ಥ. ಖಾಸಗಿ ಕಟ್ಟಡ ಕೆಲಸ, ಇಟ್ಟಿಗೆ ಭಟ್ಟಿ, ಶಹಾಬಾದಿನ ಕಲ್ಲಿನ ಗಣಿ, ಹಮಾಲರ ಮಾರುಕಟ್ಟೆ, ಮನೆ ಮನೆಗೆ ಊಟ ತಲುಪಿಸುವ ಹುಡುಗರು, ಇವರ ಗಡಿಯಾರ ಮಾತ್ರ ಬದಲಾಗಿಲ್ಲ.

ಯಾವ ಊರಿಗಾದರೂ ಈ ಕೆಲಸ ಶುರುಮಾಡಲು ದೊಡ್ಡ ಸಂಸ್ಥೆ ಬೇಕಿಲ್ಲ. ಜನನ ಮರಣ ನೋಂದಣಿ ಪ್ರತಿ ಊರಿನಲ್ಲೂ ಇದೆ. ಹವಾಮಾನ ಇಲಾಖೆಯ ದಿನವಹಿ ಉಷ್ಣಾಂಶ ಸಿಗುತ್ತದೆ. ಹೆಸರು ಬೇಡ, ಕಾರಣ ಬೇಡ, ದಿನಾಂಕ ಮತ್ತು ವಯಸ್ಸು ಸಾಕು. ಅರ್ಜಿ ಕೊಟ್ಟು, ಅನುಮತಿ ಪಡೆದು, ನಮ್ಮೂರಿನ ಪುಸ್ತಕದಿಂದ ಹತ್ತು ವರ್ಷದ ಮೇ ತಿಂಗಳುಗಳನ್ನು ನಾನೂ ಒಬ್ಬ ಗೆಳೆಯನೂ ಗೆರೆ ಹೊಡೆದ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೇವೆ. ಸಾವಿಗೆ ಒಂದು ಗೀಟು, ನಾಲ್ಕಾದ ಮೇಲೆ ಐದನೆಯದು ಅಡ್ಡಕ್ಕೆ. ಆರು ವರ್ಷ ಮುಗಿದಿದೆ. ದೊಡ್ಡವ್ವ ಹೋದ ವರ್ಷದ ಪುಟಗಳು ಮುಂದಿನ ವಾರ ಬರುತ್ತವೆ. ಅವಳ ಗೀಟನ್ನು ನಾನೇ ಹಾಕುತ್ತೇನೆಂದು ಗೆಳೆಯನಿಗೆ ಹೇಳಿಟ್ಟಿದ್ದೇನೆ.